ಬಾವುಟದ ಕಂಬದ ಎತ್ತರ

ಪುಂಡಿನಾರಿನ ಹಗ್ಗದ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನಾನು ನಮ್ಮೂರು ಧುಪದಾಳದ ಚಾವಡಿಯ ಮುಂದೆ ನಿಂತಿರುತ್ತೇನೆ.

ಮನುಷ್ಯನ ಎತ್ತರ, ಅವನ ನೆರಳು, ಕಂಬದ ನೆರಳು ಇಷ್ಟು ಗೊತ್ತಿದ್ದರೆ ಕಂಬ ಹತ್ತದೆಯೇ ಅದರ ಎತ್ತರ ಹೇಳಬಹುದೆಂದು ಶಾಲೆಯಲ್ಲಿ ಮಾಸ್ತರರು ಕಲಿಸಿದ್ದರು. ಚಾವಡಿಯ ಹೊಸ ಬಾವುಟದ ಕಂಬವನ್ನು ಅಳೆದು ಬರಲು ಎಲ್ಲ ಮಕ್ಕಳಿಗೂ ಹೇಳಿದ್ದರು. ನಾನು ಅಪ್ಪನನ್ನು ಮನೆಯ ಗೋಡೆಗೆ ಆನಿಸಿ ನಿಲ್ಲಿಸಿ, ಅವನೇ ಹೊಸೆದ ಹಗ್ಗದಿಂದ ಅವನ ಎತ್ತರ ಅಳೆದುಕೊಂಡು, ಕರೆದುಕೊಂಡು ಹೋದೆ.

ಚಾವಡಿಯ ಕಟ್ಟೆಯ ಮೇಲೆ ಗೌಡರು ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು. ಅಪ್ಪ ಹೆಗಲ ವಸ್ತ್ರವನ್ನು ಕಂಕುಳಿಗೆ ಸೇರಿಸಿ, ಸೊಂಟ ಬಗ್ಗಿಸಿ ನಿಂತ. ನೆರಳು ಗಿಡ್ಡವಾಯಿತು. ನಾನು ಅದನ್ನೇ ಅಳೆದೆ, ಆಮೇಲೆ ಕಂಬದ ನೆರಳನ್ನೂ ಅಳೆದೆ.

ಮರುದಿನ ಮಾಸ್ತರರು ನಕ್ಕರು. "ನಿನ್ನ ಕಂಬ ಎಲ್ಲಾರ ಕಂಬಕ್ಕಿಂತ ಎತ್ತರ ಆಗೇತಲ್ಲ ತಂಗಿ! ನೆರಳ ಅಳಿಯೂವಾಗ ಮನುಷ್ಯಾ ನೆಟ್ಟಗ ನಿಂದರಬೇಕು."

ಸಂಜೆ ಅಪ್ಪನನ್ನು ಮತ್ತೆ ಕರೆದೊಯ್ದೆ. ಕಟ್ಟೆ ಖಾಲಿ ಇತ್ತು.

"ಅಪ್ಪಾ, ಇವತ್ತ ಯಾರೂ ಇಲ್ಲ. ನೆಟ್ಟಗ ನಿಂದರು."

"ನೆಟ್ಟಗ ನಿಂತೇನಿ ನೋಡವ್ವಾ," ಎಂದ ಅಪ್ಪ.

ನಾನು ಹಗ್ಗ ಹಿಡಿದು ನೆಲಕ್ಕೆ ಬಾಗಿದೆ. ಮಣ್ಣಿನ ಮೇಲೆ ಬಿದ್ದಿದ್ದ ಅವನ ನೆರಳು ಬಗ್ಗಿಯೇ ಇತ್ತು.