ಚಿಲಾಂಜೋರಿನಲ್ಲಿ ಮನೆ ಕೊಳ್ಳುವವಳು

ಹೆಂಗಸು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಮಸ್ತೂರಾ ಜಮಖಾನ ಝಾಡಿಸುವುದನ್ನು ನಿಲ್ಲಿಸಿದಳು. ಹೊಸ ಮುಖ, ರೇಷ್ಮೆಯ ತಲೆವಸ್ತ್ರ, ಕಣ್ಣು ಮಾತ್ರ ಕಟ್ಟಡದ ಒಂದೊಂದೇ ಕಿಟಕಿಯ ಮೇಲೆ.

"ಅಕ್ಕಾ, ಈ ಬಡಾವಣೆ ಹೇಗೆ? ಮನೆ ಕೊಳ್ಳೋಣ ಅಂತಿದ್ದೀನಿ."

ಮನೆಯಂತೆ ಮನೆ, ಮಣ್ಣಾಂಗಟ್ಟಿ! ತಾಷ್ಕೆಂಟಿನಲ್ಲಿ ಸಂಬಂಧ ವಿಚಾರಿಸಲು ಬಂದವರೆಲ್ಲ ಮನೆ ಹುಡುಕುವವರೇ. ಯಾವ ಸಂಬಂಧವೆಂದೂ ಮಸ್ತೂರಾ ಕ್ಷಣದಲ್ಲಿ ಊಹಿಸಿದಳು: ಮೂರನೇ ಮಹಡಿಯಲ್ಲಿ ತನ್ನ ಬಾಗಿಲಿಗೆ ಎದುರು ಬಾಗಿಲಿನ ದಿಲ್‌ಬರಳದು. ಆ ಹುಡುಗಿಯನ್ನು ಅವಳು ತನ್ನ ಮಗ ಬೊತೀರನಿಗೆಂದು ಮನಸ್ಸಿನಲ್ಲೇ ಕಾದಿರಿಸಿದ್ದಳು. ಮದುವೆಯ ಮಾತೆತ್ತಿದರೆ ಸಾಕು, ಆ ಪುಣ್ಯಾತ್ಮ ಚಹಾ ಬಟ್ಟಲೊಳಗೆ ಮುಖ ಹುದುಗಿಸುತ್ತಾನೆ. ಇವಳು ದಿಲ್‌ಬರಳನ್ನು ಹಾರಿಸಿಕೊಂಡು ಹೋದರೆ ಮನೆಗೆ ಸೊಸೆ ಬಂದ ಹಾಗೇ!

"ಕೂತ್ಕೊಳ್ಳಿ ತಾಯಿ. ಚಿಲಾಂಜೋರಿನ ಕಥೆ ಏನು ಕೇಳ್ತೀರಿ! ಭೂಕಂಪದಲ್ಲಿ ಊರು ಬಿದ್ದಾಗ ಗಡಿಬಿಡೀಲಿ ಕಟ್ಟಿದ ಗೋಡೆಗಳು. ನಾವು ಕೆಮ್ಮಿದ್ರೆ ಪಕ್ಕದ ಮನೆಯವರು ಔಷಧಿ ಕುಡೀತಾರೆ."

ಹೆಂಗಸು ನಕ್ಕಳು. "ಜನ ಹೇಗೆ?"

"ರಷ್ಯದವರು, ಕೊರಿಯದವರು, ತಾತಾರರು, ಯಾವ್ಯಾವ ಊರಿನವರೋ. ಒಬ್ಬರ ಮುಖ ಕಂಡ್ರೆ ಒಬ್ಬರಿಗಾಗಲ್ಲ."

ಹೇಳಿದ್ದು ಸುಳ್ಳೆಂದು ಮಸ್ತೂರಾಳಿಗೇ ಗೊತ್ತಿತ್ತು. ಆ ಊರೂರಿನವರೇ ಗುಡಾರ ಹಾಕಿಕೊಂಡು ಈ ಗೋಡೆ ಎಬ್ಬಿಸಿದ್ದನ್ನು, ಒಂದೇ ಕಡಾಯಿಯ ಪಲಾವು ಹಂಚಿ ತಿಂದದ್ದನ್ನು ಅವಳು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದಳು. ಗಂಡ ತೀರಿಕೊಂಡಾಗ ಅವಳಿಗೆ ಒಲೆ ಹಚ್ಚಲು ಬಿಡದೆ ಊಟ ಹೊತ್ತು ತಂದವರೂ ಇದೇ ನೆರೆಯವರು. ದೇವರೇ, ಕ್ಷಮಿಸಪ್ಪಾ, ಮಗನ ಬಾಳಿನ ಪ್ರಶ್ನೆ.

"ಹುಡುಗರು?"

ಹುಡುಗಿಯರನ್ನು ಬಿಟ್ಟು ಹುಡುಗರನ್ನು ಕೇಳುತ್ತಾಳೆ, ಕಿಲಾಡಿ! ದಿಲ್‌ಬರಳ ಹಿಂದೆ ಯಾರಾದರೂ ಬಿದ್ದಿದ್ದಾರೆಯೇ ಎಂದು ತಿಳಿಯುವ ಉಪಾಯ.

"ಅಯ್ಯೋ, ಉಂಡಾಡಿ ಗುಂಡರು. ಹಗಲೆಲ್ಲ ಹೆಣ್ಣುಮಕ್ಕಳ ಹಿಂದೆಯೇ ಸುತ್ತಾಟ."

"ಹೆಂಗಸರು ಒಳ್ಳೆಯವರಾ?"

ಮಸ್ತೂರಾ ಆಚೀಚೆ ನೋಡಿ ದನಿ ತಗ್ಗಿಸಿದಳು. ದಿಲ್‌ಬರಳ ತಾಯಿಯ ಮೇಲೆ ಒಂದು ಕಲ್ಲು ಹಾಕಿದರೆ ಕೆಲಸ ಮುಗಿದಂತೆ.

"ಹೆಣ್ಣು ಹುಲಿಗಳು ತಾಯಿ! ಅದರಲ್ಲೂ ಆ ಮೂರನೇ ಮಹಡಿಯವರು! ಅಲ್ಲಿಗೆ ಸಂಬಂಧ ಬೆಳೆಸೋದೂ ಒಂದೇ, ಹಾಳುಬಾವಿಗೆ ಬೀಳೋದೂ ಒಂದೇ."

ಹೆಂಗಸಿನ ಮುಖ ಬಿಳುಚಿತು. ಎದ್ದು ಬಂದು ಮಸ್ತೂರಾಳ ಎರಡೂ ಕೈ ಹಿಡಿದುಕೊಂಡಳು. ಗೆದ್ದೆನೆಂದು ಮಸ್ತೂರಾ ಒಳಗೊಳಗೇ ಬೀಗಿದಳು.

"ನಿಮ್ಮಿಂದ ನನ್ನ ಮಗಳು ಬದುಕಿದಳು ಅಕ್ಕಾ! ಮದುವೆಯಾದ್ರೆ ಮೂರನೇ ಮಹಡಿಯ ಬೊತೀರನ್ನೇ ಅಂತ ವರ್ಷದಿಂದ ಹಟ ಹಿಡಿದು ಕೂತಿದ್ದಾಳೆ. ಈಗಲೇ ಹೋಗಿ ಆ ಆಸೆ ಬಿಟ್ಟುಬಿಡು ಅಂತೀನಿ."