ಮೂರು ನೀರಲ್ಲಿ ತೊಳೆದ ಎಣ್ಣೆ

ಒಲೆಯ ಮುಂದೆ ಆಡಿದ ಮಾತು ಕರಿದ ಎಣ್ಣೆಯಲ್ಲಿ ಉಳಿಯುತ್ತದೆ, ಆ ಎಣ್ಣೆಯಿಂದ ಮಾಡಿದ ಡೀಸೆಲ್ ಹಾಕಿದರೆ ಕಾರು ಅದನ್ನೇ ಆಡುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಅದಕ್ಕೇ ಗುರುಪಾದಪ್ಪ ಡೀಸೆಲ್ಲನ್ನು ಮೂರು ನೀರಲ್ಲಿ ತೊಳೆದು, ಮಾತು ಬಿಡಿಸಿಯೇ ತನ್ನ ಹಳೆಯ ಕಾರಿಗೆ ಹಾಕುತ್ತಿದ್ದ.

"ಮನ್ಯಾಗ ಕೇಳಿದ್ದು ಸಾಲದೇನ, ದಾರ್ಯಾಗೂ ನಿನ್ನ ಬೈಗಳಾನ ಕೇಳ್ಲೇನ?" ಎಂದು ಹೆಂಡತಿ ನೀಲವ್ವನನ್ನು ಕಾಡುತ್ತಿದ್ದ.

ನೀಲವ್ವ ಶಿವನ ಪಾದ ಸೇರಿ ತಿಂಗಳಾಗಿತ್ತು. ಅವಳು ಕಡೆಯ ಸಲ ಕರಿಗಡಬು ಕರಿದ ಎಣ್ಣೆಯ ಡೀಸೆಲ್ಲನ್ನು ಗುರುಪಾದಪ್ಪ ಟ್ಯಾಂಕಿಗೆ ಸುರಿದು, ಮಗಳನ್ನು ಪಕ್ಕ ಕೂರಿಸಿಕೊಂಡು, ಶಿವನನ್ನು ನೆನೆದು ಕೀಲಿ ತಿರುಗಿಸಿದ.

ಎಂಜಿನು ಬೆಣ್ಣೆಯಂತೆ ಓಡಿತು.

"ಅಪ್ಪಾ, ಅವ್ವ ಯಾಕ ಮಾತಾಡವಲ್ಲಳು?"

ಗುರುಪಾದಪ್ಪ ತನ್ನ ಕೈಗಳನ್ನೇ ನೋಡಿಕೊಂಡ.

"ರೂಢಿ ನೋಡವ್ವಾ... ನಿನ್ನೆ ಈ ಕೈ ತಾನಾಗೇ ಡೀಸೆಲ್ ತೊಳದುಬಿಡ್ತು."

ತೊಳೆದ ನೀರನ್ನು ಎಂದಿನಂತೆ ಬಿಲ್ವಪತ್ರಿ ಗಿಡದ ಬುಡಕ್ಕೆ ಚೆಲ್ಲಿದ್ದ. ಕಾರಿನಿಂದ ಇಳಿದು ಹೋಗಿ ಅಲ್ಲಿನ ಮಣ್ಣಿಗೆ ಕಿವಿಯಿಟ್ಟ. ಮಣ್ಣು ಆಗಲೇ ಒಣಗಿತ್ತು.