ಸುಣ್ಣಕಲ್ಲಿನ ಗುಡ್ಡದ ರುಚಿ

ಮೆಟ್ಟಿಲ ಮೇಲೆ ಮಾವನ ಹೆಜ್ಜೆ ಸದ್ದು ಕೇಳಿದ್ದೇ ತಡ, ಸೊಸೆ ನೆಲಮಾಳಿಗೆಯ ದೊಡ್ಡ ವೈನ್ ಪೀಪಾಯಿಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಇವತ್ತಾದರೂ ಅವರ ಕೈಯಲ್ಲಿ ನಿಂಬೆ ಎಸೆನ್ಸಿನ ಸೀಸೆ ಇರಬೇಕು. ಅದೊಂದನ್ನು ಕಣ್ಣಾರೆ ಕಂಡರೆ ಸಾಕಿತ್ತು.

ಮಾವ ಬಂದವರು ಪೀಪಾಯಿಯ ಹೊಟ್ಟೆ ತಟ್ಟಿ, "ಏನಪ್ಪಾ, ರಾತ್ರಿ ನಿದ್ದೆ ಬಂತಾ?" ಎಂದು ವಿಚಾರಿಸಿಕೊಂಡರು. ಕೈ ಖಾಲಿ. ಆಮೇಲೆ ಬಗ್ಗಿ ನೋಡಿದರು.

"ಅಲ್ಲೇನಮ್ಮಾ ಹುಡುಕ್ತಿದ್ದೀಯ?"

"ಓಲೆ ಬಿತ್ತು, ಮಾವ."

"ಎರಡೂ ಕಿವೀಲೇ ಇದ್ಯಲ್ಲ!"

"ಹಾಗಾದ್ರೆ ಸಿಕ್ತು ಬಿಡಿ."

ಆ ಸೀಮೆಯ ಬಿಳಿ ವೈನುಗಳೆಲ್ಲ ಒಂದೇ ಜಾಯಮಾನದವು. ದ್ರಾಕ್ಷಿಯ ಸಕ್ಕರೆಯನ್ನು ಹುದುಗು ಪೂರ್ತಿ ತಿಂದು ಮುಗಿಸಿರುತ್ತದೆ. ಸಿಹಿಯ ಸುಳಿವೂ ಇರದು. ಹಸಿ ಸೇಬು ಕಚ್ಚಿದಂತೆ ನಾಲಿಗೆ ಚುರ್ರೆನ್ನುತ್ತದೆ, ಅಷ್ಟೇ. ಈ ಮನೆಯ ವೈನಿನಲ್ಲಿ ಮಾತ್ರ ನಿಂಬೆ ಸಿಪ್ಪೆಯ ಘಮ. ನುಂಗಿದ ಮೇಲೆ ತುಟಿಯಂಚಿನಲ್ಲಿ ತೆಳ್ಳಗೆ ಉಪ್ಪು. ಉಣ್ಣಲು ಬಂದ ಅತಿಥಿಗಳು ಕಾರಣ ಕೇಳಿದರೆ ಮಾವ ದನಿ ತಗ್ಗಿಸುತ್ತಿದ್ದರು: "ನಮ್ಮ ಗುಡ್ಡ ಒಂದು ಕಾಲದಲ್ಲಿ ಸಮುದ್ರದ ತಳ. ಸುಣ್ಣಕಲ್ಲೆಲ್ಲಾ ಕಪ್ಪೆಚಿಪ್ಪು. ಬಳ್ಳಿ ಅದನ್ನ ಮರೆತಿಲ್ಲ." ಅತಿಥಿಗಳಿಗೆ ರೋಮಾಂಚನವಾಗುತ್ತಿತ್ತು.

ಸೊಸೆ ರಸಾಯನಶಾಸ್ತ್ರ ಓದಿದವಳು. ಬೇರಿಗೆ ನೆನಪಿನ ಶಕ್ತಿ ಇರುವುದಿಲ್ಲವೆಂದು ಬಲ್ಲವಳು. ಪೀಪಾಯಿಯಿಂದ ವೈನನ್ನು ನೇರವಾಗಿ ತನ್ನ ಗಾಜಿನ ಕುಪ್ಪಿಗೆ ಹಿಡಿದು ಪ್ರಯೋಗಾಲಯಕ್ಕೆ ಒಯ್ದಳು. ಉಪ್ಪು ನಲ್ಲಿ ನೀರಿನಲ್ಲಿರುವಷ್ಟೂ ಇರಲಿಲ್ಲ. ನಿಂಬೆಯಂತೂ ನಾಪತ್ತೆ. ಮತ್ತೆ ಒಯ್ದಳು, ಅದೇ ಫಲಿತಾಂಶ. ಅದೇ ಪೀಪಾಯಿಯ ವೈನು ರಾತ್ರಿ ಊಟದ ಮೇಜಿಗೆ ಬಂದಾಗ ನಿಂಬೆಯೂ ಇತ್ತು, ಉಪ್ಪೂ ಇತ್ತು. ಪೀಪಾಯಿಗೂ ಮೇಜಿಗೂ ನಡುವೆ ಇದ್ದದ್ದು ಒಂದು ಹೂಜಿ. ಹೂಜಿ ಯಾವಾಗಲೂ ಮಾವನ ಕೈಯಲ್ಲಿ.

ಆ ಮಾವನೋ ಅವಳನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡವರು. ಸಂಕಟ ಇದ್ದದ್ದೇ ಅಲ್ಲಿ. ಇವತ್ತು ಇಡೀ ವರ್ಷದ ವೈನನ್ನು ಕೊಳ್ಳಲು ದೊಡ್ಡ ವ್ಯಾಪಾರಿಯ ಕಡೆಯ ರುಚಿ ಪರೀಕ್ಷಕ ಬರುವವನಿದ್ದ. ಎಸೆನ್ಸಿನ ವಿಷಯ ಅವನ ಮೂಗಿಗೆ ಬಿದ್ದರೆ ಪರವಾನಗಿ ಹೋಗುತ್ತದೆ, ಮನೆತನದ ಹೆಸರು ಮಣ್ಣುಪಾಲಾಗುತ್ತದೆ. ಅದಕ್ಕಿಂತ ವ್ಯಾಪಾರ ತಪ್ಪಿದರೇ ಮೇಲು.

"ಇವತ್ತು ಹೂಜಿ ನಾನೇ ತರ್ತೀನಿ, ಮಾವ."

"ಭಾರ ಇದೆಯಮ್ಮಾ."

"ಮನೆ ಮಾನಾನೂ ಭಾರವೇ ಅಲ್ವಾ?"

ಮಾವ ಅರ್ಥವಾಗದೆ ತಲೆಯಾಡಿಸಿದರು.

ಪರೀಕ್ಷಕ ಬಂದ. ಬಾಗಿಲಲ್ಲಿ ಮೊದಲು ಮೂಗು ಕಾಣಿಸಿತು, ಸ್ವಲ್ಪ ಹೊತ್ತಾದ ಮೇಲೆ ಅವನು. ಮಖಮಲ್ಲಿನ ಪೆಟ್ಟಿಗೆಯಿಂದ ತನ್ನದೇ ಗ್ಲಾಸು ತೆಗೆದು, "ಪರರ ಗ್ಲಾಸು ಮುಟ್ಟೋದಿಲ್ಲ. ನಮ್ಮ ಕಸುಬಿನ ಶಿಸ್ತು" ಎಂದ.

"ಶಿಸ್ತೇನೋ ಸರಿ, ಇಷ್ಟು ಧೂಳು ಕೂತಿದೆಯಲ್ಲಪ್ಪಾ!" ಎನ್ನುತ್ತ ಅತ್ತೆ ಅದನ್ನು ಕಿತ್ತುಕೊಂಡು ಅಡುಗೆಮನೆಗೆ ಹೋದರು. ಫಳಫಳ ಹೊಳೆಸಿ ತಂದು ಅವನ ಮುಂದಿಟ್ಟರು.

ಸೊಸೆ ಸುರಿದಳು. ಪೀಪಾಯಿಯಿಂದ ಇಲ್ಲಿಯವರೆಗೆ ಹೂಜಿಯನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಇನ್ನು ನಿಂಬೆಯೂ ಇಲ್ಲ, ಉಪ್ಪೂ ಇಲ್ಲ, ವ್ಯಾಪಾರವೂ ಇಲ್ಲ. ಮಾವನ ಮುಖ ನೋಡುವ ಧೈರ್ಯವಾಗದೆ ನೆಲ ನೋಡಿದಳು.

ಪರೀಕ್ಷಕ ಮೂಸಿದ. ಗುಟುಕರಿಸಿ ಬಾಯೆಲ್ಲ ಆಡಿಸಿ ಬೋಗುಣಿಗೆ ಉಗಿದ. ಕಣ್ಣು ಮುಚ್ಚಿದ. ತೆರೆದಾಗ ಕಣ್ಣು ತುಂಬಿದ್ದವು.

"ನಿಂಬೆ ಸಿಪ್ಪೆ. ಆಹಾ, ಕೊನೆಗೆ ಉಪ್ಪು! ಸ್ವಾಮೀ, ಇಷ್ಟು ಸ್ಪಷ್ಟವಾಗಿ ಸಮುದ್ರ ನನ್ನ ಬಾಯಿಗೆ ಯಾವತ್ತೂ ಬಂದಿರಲಿಲ್ಲ. ಅಷ್ಟೂ ಪೀಪಾಯಿ ನಮಗೇ ಬೇಕು."

ಸೊಸೆ ಹೂಜಿಯೊಳಗೆ ಇಣುಕಿದಳು. ಹಾಗಾದರೆ ಬಳ್ಳಿ ಮರೆತಿರಲಿಲ್ಲ. ಓದಿದ ರಸಾಯನಶಾಸ್ತ್ರವೆಲ್ಲ ತಲೆ ತಗ್ಗಿಸಿ ಮೂಲೆಗೆ ಸರಿದು ನಿಂತಿತು.

ಪರೀಕ್ಷಕನ ಗಾಡಿ ಹೊರಟ ಮೇಲೆ ಅವಳು ಮಾವನ ಬಳಿ ಹೋದಳು. "ನೀವು ಎಸೆನ್ಸ್ ಬೆರೆಸ್ತೀರಿ ಅಂದ್ಕೊಂಡಿದ್ದೆ. ತಪ್ಪಾಯ್ತು."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕಾ ಓಲೆ ಹುಡುಕಾಟ! ನಿಜ ಹೇಳ್ಲಾ? ಕೆಳಗೆ ಪೀಪಾಯಿ ಹತ್ರ ಸೌಟಲ್ಲಿ ಕುಡಿದ್ರೆ ನನಗೂ ಆ ನಿಂಬೆ ಸಿಕ್ಕೋದಿಲ್ಲ. ಮೇಲೆ ಬಂದ್ಮೇಲೇ ಬಿಚ್ಚಿಕೊಳ್ಳುತ್ತೆ. ಅದಕ್ಕೆ ಗಾಳಿ ಬೆಳಕು ಬೇಕೇನೋ ಪಾಪ!"

ಸೊಸೆ ಹಗುರಾಗಿ ಅಡುಗೆಮನೆಗೆ ಓಡಿ ಅತ್ತೆಗೆ ಸುದ್ದಿ ಮುಟ್ಟಿಸಿದಳು.

"ಸದ್ಯ, ಗೆದ್ವಲ್ಲ!" ಎಂದರು ಅತ್ತೆ. "ಸೋಪಿನ ವಾಸನೆ ಬಂದ್ರೆ ನಿಮ್ಮ ಮಾವ ಕುಣಿದಾಡ್ತಾರೆ ಅಂತ ಮದುವೆಯಾದಾಗಿಂದ ಗ್ಲಾಸಿಗೆಲ್ಲ ನಿಂಬೆ ಸಿಪ್ಪೆ, ಪುಡಿ ಉಪ್ಪು ಹಾಕಿ ಉಜ್ಜಿ, ನೀರು ಸೋಕಿಸದೆ ಒಣಬಟ್ಟೇಲಿ ಒರೆಸಿಡ್ತೀನಿ. ಇವತ್ತು ಬಂದಾತ ದೊಡ್ಡ ಮನುಷ್ಯ ನೋಡು, ಆತನ ಗ್ಲಾಸಿಗೆ ಒಂದು ಕೈ ಹೆಚ್ಚೇ ಉಜ್ಜಿದೆ."